ಏಕಾಂಗಿ ಟ್ರೈಮರಾನ್ ಸ್ಪರ್ಧೆಯ ಅಪಾಯಗಳು

ತೆರೆದ ಸಾಗರದಲ್ಲಿ ದೊಡ್ಡ ಟ್ರೈಮರಾನ್ ಅಥವಾ ಎರಡು ಒಡಲಿನ ಕೆಟಮರಾನನ್ನು ಒಬ್ಬರೇ ನಡೆಸುವ ಸ್ಪರ್ಧೆ ಹಾಯಿಯಾನದ ಅತ್ಯಂತ ಅಪಾಯದ ಪ್ರಕಾರಗಳಲ್ಲೊಂದು. ಇದು ಬೆಳೆದದ್ದು ಮುಖ್ಯವಾಗಿ ಫ್ರಾನ್ಸಿನಲ್ಲಿ. ಇಂದಿನ ‘ಅಲ್ಟಿಮ್’ ವರ್ಗದ ಟ್ರೈಮರಾನ್ 32 ಮೀಟರ್ ಉದ್ದ, 23 ಮೀಟರ್ ಅಗಲದವರೆಗೂ ಇರಬಹುದು. ಅದರ ವೇಗ 40 ನಾಟ್, ಅಂದರೆ ಗಂಟೆಗೆ ಸುಮಾರು 74 ಕಿ.ಮೀ. ದಾಟುವುದುಂಟು.

ಉತ್ತರ ಕನ್ನಡದ ಕರಾವಳಿಯಲ್ಲಿ ಸಣ್ಣ ದೋಣಿ ಮಗುಚದಂತೆ ಪಕ್ಕಕ್ಕೆ ತೇಲುಮರ ಕಟ್ಟುತ್ತಾರೆ. ಟ್ರೈಮರಾನ್ ನಿಂತಿರುವುದೂ ಇದೇ ಉಪಾಯದ ಮೇಲೆ: ನಡುವೆ ಮುಖ್ಯ ಒಡಲು, ಎರಡೂ ಬದಿಗೆ ತೇಲುಗಳು. ಒಂದೇ ಒಡಲಿನ ಸಾಗರದೋಣಿಗೆ ತಳದಲ್ಲಿ ಭಾರವಾದ ಲೋಹ ಇರುವುದರಿಂದ ಅದು ಬಿದ್ದರೂ ಸಾಮಾನ್ಯವಾಗಿ ಏಳುತ್ತದೆ. ಟ್ರೈಮರಾನಿಗೆ ಆ ಭಾರವಿಲ್ಲ. ಅದಕ್ಕೇ ಅದು ಹಗುರ, ಅದಕ್ಕೇ ವೇಗ. ಆದರೆ ಒಮ್ಮೆ ತಲೆಕೆಳಗಾದರೆ ಆ ಅಗಲವೇ ಅದನ್ನು ಹಾಗೆಯೇ ಹಿಡಿದಿಡುತ್ತದೆ. ಬಿರುಗಾಳಿಯೊಂದು ಬದಿಯಿಂದ ಎತ್ತಬಹುದು, ಇಲ್ಲವೇ ಅಲೆಯಿಂದ ಇಳಿಯುವಾಗ ಮೂತಿ ನೀರಿಗೆ ಹುದುಗಿ ದೋಣಿ ಮುಂದಕ್ಕೆ ಪಲ್ಟಿಯಾಗಬಹುದು. ಎರಡಕ್ಕೂ ಕೆಲವೇ ಕ್ಷಣ ಸಾಕು.

ಈ ಭಯ ಆರಂಭದಿಂದಲೂ ಇತ್ತು. 1968-69ರ ಏಕಾಂಗಿ ಭೂಪ್ರದಕ್ಷಿಣೆಯ ‘ಗೋಲ್ಡನ್ ಗ್ಲೋಬ್’ ಸ್ಪರ್ಧೆಗೆ ಹೊರಟ ಡೊನಾಲ್ಡ್ ಕ್ರೌಹರ್ಸ್ಟ್, ಮಗುಚಿದ ಟ್ರೈಮರಾನನ್ನು ಎತ್ತಲು ಕೂವೆಮರದ ತುದಿಯಲ್ಲಿ ಗಾಳಿಚೀಲವಿರುವ ವ್ಯವಸ್ಥೆ ಯೋಚಿಸಿದ್ದರು. ಹೊರಡುವಾಗ ಅದು ಪೂರ್ಣಗೊಂಡಿರಲಿಲ್ಲ. ತಮ್ಮ ಪ್ರಗತಿಯ ಬಗ್ಗೆ ಅವರು ಕಳಿಸಿದ ಸುಳ್ಳು ವರದಿಗಳನ್ನು ನಂಬಿದ ಸಹಸ್ಪರ್ಧಿ ನೈಜೆಲ್ ಟೆಟ್ಲಿ, ಹಿಂದೆ ಬರುತ್ತಿರುವವರನ್ನು ಮೀರಿಸಲೆಂದು ಜೀರ್ಣವಾಗಿದ್ದ ತಮ್ಮ ‘ವಿಕ್ಟ್ರೆಸ್’ ಟ್ರೈಮರಾನನ್ನು ವೇಗವಾಗಿ ಓಡಿಸಿದರು. 1969ರ ಮೇ ತಿಂಗಳಲ್ಲಿ ಅದು ಒಡೆದು ಮುಳುಗಿತು, ಟೆಟ್ಲಿ ಬದುಕುಳಿದರು. ಜುಲೈನಲ್ಲಿ ಕ್ರೌಹರ್ಸ್ಟರ ದೋಣಿ ನಾವಿಕನಿಲ್ಲದೆ ತೇಲುತ್ತಿದ್ದುದು ಸಿಕ್ಕಿತು. ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ರಾಬಿನ್ ನಾಕ್ಸ್-ಜಾನ್ಸ್ಟನ್ ಒಬ್ಬರೇ. ಅವರ ‘ಸುಹೈಲಿ’ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ, ನಿಧಾನಗತಿಯ, ಒಂದೇ ಒಡಲಿನ ದೋಣಿ.

ಫ್ರಾನ್ಸಿನಿಂದ ಗ್ವಾಡಲೂಪ್‌ಗೆ ಸಾಗುವ ‘ರೂತ್ ದ್ಯು ರೂಮ್’ ಈ ಕ್ರೀಡೆಯ ದೊಡ್ಡ ಹಬ್ಬ. ಅದರ ಅಪಘಾತಗಳ ಪಟ್ಟಿಯೂ ಉದ್ದವಿದೆ. 1978ರ ಮೊದಲ ಸ್ಪರ್ಧೆಯಲ್ಲೇ ಆಲ್ಯಾಂ ಕೋಲಾ ‘ಮನುರೆವಾ’ ಟ್ರೈಮರಾನಿನೊಂದಿಗೆ ಅಜೋರ್ಸ್ ಬಳಿ ಕಾಣೆಯಾದರು. ಟ್ರೈಮರಾನಿನಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದಿದ್ದ ಅವರ ಅನುಭವಕ್ಕೆ ಸಾಟಿ ಆಗ ವಿರಳ. 1986ರಲ್ಲಿ ಲೋಯಿಕ್ ಕಾರಾಡೆಕ್ ಕಣ್ಮರೆಯಾದರು. ಮಗುಚಿದ್ದ ಅವರ ‘ರೊಯಾಲ್’ ಕೆಟಮರಾನನ್ನು ಕಂಡದ್ದು ಸಹಸ್ಪರ್ಧಿ ಫ್ಲಾರೆನ್ಸ್ ಆರ್ತೋ. 2002ರಲ್ಲಿ 60 ಅಡಿಯ 18 ಟ್ರೈಮರಾನ್‌ಗಳು ಹೊರಟವು, ಮೂರು ಮಾತ್ರ ಗುರಿ ತಲುಪಿದವು. 2018ರಲ್ಲಿ ಆರ್ಮೆಲ್ ಲ ಕ್ಲೆಯಾಕ್ ಅವರ ಹೊಚ್ಚ ಹೊಸ ಅಲ್ಟಿಮ್ ತೇಲು ಮುರಿದು ಮಗುಚಿತು. ಅವರನ್ನು ಮೀನುಗಾರಿಕೆ ಹಡಗೊಂದು ಎತ್ತಿಕೊಂಡಿತು.

ಒಬ್ಬಂಟಿತನ ಈ ಅಪಾಯಗಳನ್ನೆಲ್ಲ ಹೆಚ್ಚಿಸುತ್ತದೆ. ನಾವಿಕ ತುಂಡುತುಂಡಾಗಿ, ಕೆಲವೊಮ್ಮೆ ಇಪ್ಪತ್ತು ನಿಮಿಷ ಮಾತ್ರ ಮಲಗುತ್ತಾನೆ. ಆಗ ಚುಕ್ಕಾಣಿ ಯಂತ್ರದ ಕೈಯಲ್ಲಿ. ಗಾಳಿ ಹಠಾತ್ತನೆ ಏರಿದರೆ ಹಾಯಿಹಗ್ಗ ಸಡಿಲಿಸಲು ಎಚ್ಚರವಿರುವವರಿಲ್ಲ. ದೋಣಿ ಹೆಚ್ಚು ವಾಲಿದಾಗ ಹಗ್ಗವನ್ನು ತಾನೇ ಬಿಡುವ ಸಾಧನಗಳು ಈಗ ಬಂದಿವೆಯಾದರೂ, ನೀರಿಗೆ ಬಿದ್ದವನಿಗಾಗಿ ಹಿಂತಿರುಗಿ ಬರುವವರು ಯಾರೂ ಇರುವುದಿಲ್ಲ. ತೇಲುವ ದಿಮ್ಮಿ, ಕಂಟೇನರ್, ತಿಮಿಂಗಿಲ ಯಾವುದಕ್ಕೆ ತಗುಲಿದರೂ ಆ ವೇಗದಲ್ಲಿ ಒಡಲು ಸೀಳಬಹುದು. ಮಗುಚಿದ ಟ್ರೈಮರಾನ್ ಸಾಮಾನ್ಯವಾಗಿ ತೇಲುತ್ತಲೇ ಇರುತ್ತದೆ ಎಂಬುದೊಂದೇ ಸಮಾಧಾನ. 2017ರ ಡಿಸೆಂಬರಿನಲ್ಲಿ ಕೇಪ್ ಹಾರ್ನ್ ಬಳಿ ಪಲ್ಟಿಯಾದ ಈವ್ ಲ ಬ್ಲೆವೆಕ್ ಹೆಲಿಕಾಪ್ಟರ್ ಬರುವವರೆಗೆ ತಲೆಕೆಳಗಾದ ಒಡಲಿನೊಳಗೇ ಕಾದರು.

ಭಾರತದ ಏಕಾಂಗಿ ನಾವಿಕ ಅಭಿಲಾಷ್ ಟೋಮಿ ಪಾರಾದದ್ದು ಬೇರೆ ಬಗೆಯ, ಒಂದೇ ಒಡಲಿನ ದೋಣಿಯಲ್ಲಿ. ಗೋವಾದಲ್ಲಿ ಸುಹೈಲಿಯ ಮಾದರಿಯಲ್ಲೇ ಕಟ್ಟಿದ ‘ತುರೀಯ’ 2018ರ ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಬಿದ್ದು, ಕೂವೆಗಳು ಮುರಿದರೂ ಮತ್ತೆ ನೇರವಾಯಿತು. ಬೆನ್ನುಮೂಳೆಗೆ ಪೆಟ್ಟಾಗಿದ್ದ ಅವರು ಅದರೊಳಗೇ ಮಲಗಿದ್ದು, 24ರಂದು ಫ್ರಾನ್ಸಿನ ‘ಒಸಿರಿಸ್’ ನೌಕೆಯ ಆಸರೆ ಪಡೆದರು.

2024ರ ಜನವರಿ 7ರಂದು ಬ್ರೆಸ್ಟ್‌ನಿಂದ ಆರು ಅಲ್ಟಿಮ್‌ಗಳು ಏಕಾಂಗಿ ಭೂಪ್ರದಕ್ಷಿಣೆಗೆ ಹೊರಟವು. ಟಾಮ್ ಲಾಪೆರ್ಶ್ ಅವರ ದೋಣಿ ಡಿಕ್ಕಿಯಿಂದ ಹಾಳಾಗಿ ಕೇಪ್‌ಟೌನ್‌ನಲ್ಲಿ ನಿಂತಿತು. ಮುಂದಿದ್ದ ಶಾರ್ಲ್ ಕೋದ್ರೆಲಿಯೆ, ಕೇಪ್ ಹಾರ್ನ್‌ನ ಬಿರುಗಾಳಿ ದಾಟಿಹೋಗಲೆಂದು ವೇಗ ತಗ್ಗಿಸಿ ಕಾದರು. ಮುಂದೆ ಅಜೋರ್ಸ್‌ನಲ್ಲೂ ತಂಗಿದರು. ಅವರು ಗೆದ್ದ ಸಮಯ 50 ದಿನ 19 ಗಂಟೆ. ಫ್ರಾಂಸ್ವಾ ಗಾಬಾರ್ 2017ರಲ್ಲಿ ಮಾಡಿದ 42 ದಿನ 16 ಗಂಟೆಯ ದಾಖಲೆಗಿಂತ ಇದು ಎಂಟು ದಿನ ಹೆಚ್ಚು. ಹೊರಟ ಆರರಲ್ಲಿ ಐದು ದೋಣಿಗಳು ಬ್ರೆಸ್ಟ್‌ಗೆ ಮರಳಿದವು.