ಹೆಸರಿಲ್ಲದ ಚಿತ್ರಕಾರ

ಶಿವಮೊಗ್ಗದಲ್ಲಿ 1845ರಿಂದ 1847ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್, ಸುತ್ತಲಿನ ಗಿಡಗಳನ್ನು ಬರೆಸಲು ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡಿದ್ದ. ದಿನಕ್ಕೊಂದು ಸಸ್ಯ, ಅದು ಕಟ್ಟಳೆ. ಕಿತ್ತು ತಂದ ಹೂವು ಬಾಡುವ ಮೊದಲೇ ಬಣ್ಣ ಕಾಗದಕ್ಕೆ ಇಳಿಯಬೇಕು. ಒಣಗಿಸಿಟ್ಟ ಗಿಡದಲ್ಲಿ ಎಲೆಯ ಆಕಾರ ಉಳಿದೀತು, ಹೂವಿನ ಬಣ್ಣ ಉಳಿಯದು. ಚಿತ್ರಕಾರ ಬೇಕಾಗಿದ್ದುದೇ ಅದಕ್ಕೆ. ಆ ಚಿತ್ರಗಳು ಎಡಿನ್‌ಬರೋದ ರಾಯಲ್ ಬಟಾನಿಕ್ ಗಾರ್ಡನ್ನಿನಲ್ಲಿ ಜೋಪಾನವಾಗಿವೆ. ಬರೆದವನ ಹೆಸರು ಮಾತ್ರ ಗೊತ್ತಿಲ್ಲ.

ಸಂಬಳ ಕೊಟ್ಟವನ ಹೆಸರು ಉಳಿಯುವುದು, ಕುಂಚ ಹಿಡಿದವನದು ಅಳಿಯುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಮದ್ರಾಸ್ ಪ್ರಾಂತದಲ್ಲಿದ್ದ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಈ ವಿಷಯದಲ್ಲಿ ಮೆಚ್ಚಬೇಕಾದವನು. 1838ರಿಂದ 1853ರವರೆಗೆ ಆತ ಕಲ್ಲಚ್ಚಿನಲ್ಲಿ ಹೊರತಂದ ಎರಡು ಸಾವಿರಕ್ಕೂ ಹೆಚ್ಚು ಸಸ್ಯಚಿತ್ರಗಳ ಪೈಕಿ ಹಲವದರಡಿ ರಂಗಯ್ಯ, ಗೋವಿಂದು ಎಂಬ ಚಿತ್ರಕಾರರ ಹೆಸರಿದೆ. ಒಂದು ಆರ್ಕಿಡ್ ಕುಲಕ್ಕಂತೂ ಆತ 'ಗೋವಿಂದೂಯಿಯಾ' ಎಂದೇ ಹೆಸರಿಟ್ಟ.

ಆ ಗೌರವ ಬಾಳಲಿಲ್ಲ. ನಂತರದ ವಿಜ್ಞಾನಿಗಳು ಆ ಆರ್ಕಿಡನ್ನು 'ಟ್ರೊಪಿಡಿಯಾ' ಕುಲಕ್ಕೆ ಸೇರಿಸಿದರು. ಶಿವಮೊಗ್ಗದ ವೈದ್ಯನ ಹೆಸರಿನಲ್ಲೂ ವೈಟ್ ಒಂದು ಕುಲವನ್ನು ಹೆಸರಿಸಿದ್ದ. 'ಕ್ಲೆಗಾರ್ನಿಯಾ' ಇಂದಿಗೂ ಚಾಲ್ತಿಯಲ್ಲಿದೆ.