ಕೋಳಿಯ ಬಾಯಿಯ ಸೀಳು ಮತ್ತು ಗ್ರಹಣದ ಮೇಲಿನ ದೂರು

ಗ್ರಹಣ ಬಂತೆಂದರೆ ನಮ್ಮ ಊರುಗಳಲ್ಲಿ ಬಸುರಿ ಹೆಂಗಸರಿಗೆ ಕಟ್ಟಪ್ಪಣೆ. ಹೊರಗೆ ಬರಬೇಡ, ಈಳಿಗೆ ಮಣೆ ಮುಟ್ಟಬೇಡ, ತರಕಾರಿ ಹೆಚ್ಚಬೇಡ. ಹೆಚ್ಚಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ಭಯ. ತುಟಿಯೋ ಅಂಗುಳವೋ ಸೀಳಿದ ಮಗು ಹುಟ್ಟಿದರೆ ಮೊದಲ ಪ್ರಶ್ನೆ ತಾಯಿಗೇ: "ಗ್ರಹಣದ ದಿನ ಏನು ಕುಯ್ದೆ?" ವರದಿಗೆಂದು ಹಳ್ಳಿ ಸುತ್ತುವ ನಮ್ಮ ಕಿವಿಗೂ ಈ ಮಾತು ಬಿದ್ದಿದೆ.

ಆ ಸೀಳನ್ನು ಯಾರೂ ಕುಯ್ದಿರುವುದಿಲ್ಲ. ಹೊಟ್ಟೆಯೊಳಗೆ ಕೂಡಬೇಕಾದ ಎರಡು ಭಾಗಗಳು ಕೂಡದೆ ಉಳಿದಿರುತ್ತವೆ, ಅಷ್ಟೆ. ಇದು ಗೊತ್ತಾಗಲು ಹಲವು ದೇಶಗಳ ವಿಜ್ಞಾನಿಗಳು ದಶಕಗಟ್ಟಲೆ ದುಡಿಯಬೇಕಾಯಿತು. ಆ ಕಥೆಯಲ್ಲಿ ನಮ್ಮ ಹಿತ್ತಲಿನ ಕೋಳಿಯೂ ಇದೆ.

ನಮ್ಮ ಮೈ ಕೋಟಿ ಕೋಟಿ ಜೀವಕೋಶಗಳಿಂದ ಆದದ್ದು. ಅವು ಒಂದಕ್ಕೊಂದು ಅಂಟಿಕೊಂಡಿರುವುದು ಹೇಗೆ? 1955ರಲ್ಲಿ ಅಮೆರಿಕದಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಎಂಬಿಬ್ಬರು ಕಪ್ಪೆಯ ಜಾತಿಯ ಜೀವಿಗಳ ಭ್ರೂಣಗಳನ್ನು ಬಿಡಿಬಿಡಿ ಕೋಶಗಳಾಗಿ ಬೇರ್ಪಡಿಸಿ ಕಲಸಿಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಚರ್ಮವಾಗಬೇಕಾದ ಕೋಶಗಳು ಹೊರಗೆ ಬಂದವು, ನರವಾಗಬೇಕಾದವು ಒಳಗೆ ಸೇರಿದವು. ಜಾತ್ರೆಯಲ್ಲಿ ಚದುರಿದ ಮನೆಮಂದಿ ಮತ್ತೆ ಒಂದೆಡೆ ಸೇರುವ ಹಾಗೆ. ಕೋಶಗಳಿಗೆ ತಮ್ಮವರು ಯಾರೆಂಬ ಗುರುತು ಇದೆ ಎಂದಾಯಿತು.

ಆ ಗುರುತು ಯಾವುದು? ಇದಕ್ಕೆ ಉತ್ತರ ಕೊಟ್ಟವರು ಜಪಾನಿನ ಮಸತೋಶಿ ತಕೇಯಿಚಿ. ಕ್ಯೋಟೊ ನಗರದಲ್ಲಿ ಚೆನ್ನಾಗಿ ಅಂಟಿಕೊಳ್ಳುತ್ತಿದ್ದ ಕೋಶಗಳು, ಅವರು ಅಮೆರಿಕದ ಲ್ಯಾಬ್‌ಗೆ ಹೋದಾಗ ಅಂಟಲೇ ಇಲ್ಲ. ಹುಡುಕಿದರೆ, ಕೋಶಗಳನ್ನು ಬಿಡಿಸಲು ಅಲ್ಲಿ ಬಳಸುತ್ತಿದ್ದ ದ್ರಾವಣದಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ರಾಸಾಯನಿಕ ಇತ್ತು. ಕ್ಯಾಲ್ಸಿಯಂ ಇಲ್ಲದಿದ್ದರೆ ಅಂಟು ಉಳಿಯುವುದಿಲ್ಲ! ಈ ಸುಳಿವು ಹಿಡಿದು ಹೊರಟ ಅವರ ತಂಡ ಕೋಶಗಳನ್ನು ಅಂಟಿಸುವ ಪ್ರೋಟೀನನ್ನು ಪತ್ತೆಮಾಡಿ 1984ರಲ್ಲಿ ಅದಕ್ಕೆ 'ಕ್ಯಾಡ್‌ಹೆರಿನ್' ಎಂದು ಹೆಸರಿಟ್ಟಿತು.

ಅಂಟು ಸಿಕ್ಕಿತು. ಆದರೆ ಎಲ್ಲಿ ಅಂಟಬೇಕು, ಯಾವಾಗ ಬಿಡಬೇಕು ಎಂದು ಹೇಳುವವರು ಯಾರು?

ಇದರ ಸುಳಿವು ಇನ್ನೊಂದು ದಾರಿಯಿಂದ ಬಂತು. ಇಟಲಿಯಲ್ಲಿ 1938ರಲ್ಲಿ ಯಹೂದಿಗಳ ವಿರುದ್ಧ ಕಾನೂನು ಬಂದಾಗ ರೀಟಾ ಲೆವಿ-ಮೊಂಟಾಲ್ಚಿನಿ ಎಂಬ ಯುವ ವೈದ್ಯೆ ಕೆಲಸ ಕಳೆದುಕೊಂಡರು. ಅವರು ಮಲಗುವ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡು ಕೋಳಿಮೊಟ್ಟೆಯೊಳಗಿನ ಭ್ರೂಣಗಳನ್ನು ಅಭ್ಯಾಸ ಮಾಡಿದರು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ, ನರಗಳನ್ನು ಬೆಳೆಸುವ ಒಂದು ವಸ್ತುವನ್ನು ಕಂಡುಹಿಡಿದರು. ಇಂಥ ವಸ್ತುಗಳಿಗೆ 'ಗ್ರೋತ್ ಫ್ಯಾಕ್ಟರ್' ಎನ್ನುತ್ತಾರೆ. ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಸಂದೇಶ ಎನ್ನಿ. ಅವರ ಜೊತೆಗಾರ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಇಲಿಮರಿಗಳಿಗೆ ಚುಚ್ಚಿದಾಗ, ಸುಮಾರು ಎರಡು ವಾರಕ್ಕೆ ಬಿಡಬೇಕಾದ ಕಣ್ಣು ಒಂದೇ ವಾರಕ್ಕೆ ಬಿಟ್ಟಿತು. ಅಂಟಿಕೊಂಡಿದ್ದ ರೆಪ್ಪೆಗಳು ಸಂದೇಶ ಬಂದೊಡನೆ ಬೇರೆಯಾದವು. ಇದಕ್ಕೆ ಕಾರಣವಾದ ವಸ್ತುವನ್ನು ಅವರು 1962ರಲ್ಲಿ ಪ್ರಕಟಿಸಿದರು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಅಂಗುಳಕ್ಕೆ ಬರೋಣ. ಗರ್ಭದಲ್ಲಿ ಅಂಗುಳ ಮೊದಲು ಎರಡು ಕದಗಳಂತೆ ನಾಲಿಗೆಯ ಎರಡೂ ಪಕ್ಕ ಬೆಳೆಯುತ್ತದೆ. ಆಮೇಲೆ ಕದಗಳು ಮೇಲೆದ್ದು ನಡುವೆ ಬಂದು ಮುಟ್ಟುತ್ತವೆ, ಅಂಟುತ್ತವೆ, ಕೊನೆಗೆ ನಡುವಿನ ಗೆರೆಯೂ ಅಳಿಸಿಹೋಗುತ್ತದೆ. ಮೂರನೇ ತಿಂಗಳ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ. ತುಟಿ ಅದಕ್ಕೂ ಮೊದಲೇ ಕೂಡುತ್ತದೆ. ಏಳನೇ ತಿಂಗಳಲ್ಲಿ ಗ್ರಹಣ ಬಂದರೆ ಅದು ಸೀಳುವುದಾದರೂ ಏನನ್ನು?

1995ರಲ್ಲಿ ಎರಡು ತಂಡಗಳು 'ಟಿಜಿಎಫ್-ಬೀಟಾ 3' ಎಂಬ ಒಂದೇ ಒಂದು ಗ್ರೋತ್ ಫ್ಯಾಕ್ಟರ್ ಇಲ್ಲದ ಇಲಿಗಳನ್ನು ಬೆಳೆಸಿದವು. ಮರಿಗಳು ಸೀಳು ಅಂಗುಳದೊಂದಿಗೆ ಹುಟ್ಟಿದವು. ಕದಗಳು ಹತ್ತಿರ ಬಂದಿದ್ದವು, ಆದರೆ ಒಂದಾಗಲಿಲ್ಲ.

ಇನ್ನು ಕೋಳಿ. ಮನೆಯ ಕೋಳಿಯ ಬಾಯಿ ಬಿಡಿಸಿ ನೋಡಿ, ಮೇಲ್ಭಾಗದಲ್ಲಿ ಒಂದು ಸೀಳು ಕಾಣುತ್ತದೆ. ಅದು ರೋಗವಲ್ಲ, ಕೋಳಿಯ ಅಂಗುಳ ಇರುವುದೇ ಹಾಗೆ. 1998ರಲ್ಲಿ ಅಮೆರಿಕದ ಎಲಿಜಬೆತ್ ಹೇ ಅವರ ತಂಡ ಕೋಳಿ ಭ್ರೂಣದ ಅಂಗುಳದ ಎರಡು ಕದಗಳನ್ನು ಲ್ಯಾಬ್‌ನಲ್ಲಿ ಜೋಡಿಸಿಟ್ಟು ಅದೇ ಟಿಜಿಎಫ್-ಬೀಟಾ 3 ಹಾಕಿತು. ಎಂದೂ ಕೂಡದ ಕದಗಳು ಕೂಡಿಕೊಂಡವು!

ಮನುಷ್ಯರಲ್ಲಿ ಕಾರಣ ಒಂದೇ ಇರುವುದಿಲ್ಲ. ವಂಶವಾಹಿಗಳು, ಧೂಮಪಾನ, ಗರ್ಭಕ್ಕೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಮಾತ್ರೆಗಳು ಅಪಾಯ ಹೆಚ್ಚಿಸಬಹುದು. (ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.) ಎಷ್ಟೋ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲೂ ಆಗದು. ಈಳಿಗೆ ಮಣೆ ಮಾತ್ರ ಆ ಪಟ್ಟಿಯಲ್ಲಿಲ್ಲ.

ಸೀಳುತುಟಿ, ಸೀಳು ಅಂಗುಳ ಎರಡಕ್ಕೂ ಶಸ್ತ್ರಚಿಕಿತ್ಸೆ ಇದೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆಯೂ ಇದೆ. ನಿಮ್ಮೂರಿನಲ್ಲಿ ಅಂಥ ಮಗು ಇದ್ದರೆ ಆಶಾ ಕಾರ್ಯಕರ್ತೆಗೆ ಇವತ್ತೇ ತಿಳಿಸಿ. ಆ ಮನೆಯ ಸೊಸೆಯನ್ನು ಗ್ರಹಣದ ದಿನ ಏನು ಮಾಡಿದೆ ಎಂದು ಕೇಳುವುದನ್ನು ಬಿಡಿ. ಹಾಲು ಕುಡಿಯಲಾಗದೆ ಅಳುವ ಮಗುವಿನೊಂದಿಗೆ ಅವಳು ಪಡುತ್ತಿರುವ ಪಾಡೇ ಸಾಕು.