ಹೆಗಲ ಮೇಲೆ ದೋಣಿ, ಸೊಂಟದಲ್ಲಿ ಚಾಕು

1845ರ ಮಾರ್ಚ್ ಕೊನೆಯಲ್ಲಿ ವಾಲ್ಡನ್ ಕೊಳದ ಬಳಿ ಮನೆ ಕಟ್ಟಲು ಹೊರಟ ಹೆನ್ರಿ ಡೇವಿಡ್ ಥೋರೋ ಮೊದಲು ಮಾಡಿದ ಕೆಲಸವೆಂದರೆ ಕೊಡಲಿಯೊಂದನ್ನು ಎರವಲು ಪಡೆದದ್ದು. ಎಂ.ಎ. ತರಗತಿಯಲ್ಲಿ ಇದನ್ನು ಓದಿದಾಗ ಸರಳ ಬದುಕಿನ ಪಾಠವೆಂದು ಟಿಪ್ಪಣಿ ಮಾಡಿಕೊಂಡಿದ್ದೆ. ಆಮೇಲಿನ ವರ್ಷಗಳಲ್ಲಿ ಪ್ರತಿ ವರ್ಗಾವಣೆಗೂ ಸಾಮಾನು ಕಟ್ಟುತ್ತ, ಯಾವುದನ್ನು ಬಿಡುವುದೆಂದು ತೋಚದೆ ಕುಳಿತಾಗ, ಬೇರೊಂದು ಸಂಗತಿ ಹೊಳೆಯಿತು. ಎರವಲು ಪಡೆಯಬೇಕಾದರೆ ನೆರೆಯವರಿರಬೇಕು. ನೆರೆಯೇ ಇಲ್ಲದ ಕಾಡಿನಲ್ಲಿ ಸಾಗುವವನು ಮರಗೆಲಸದ ಯಾವ ಹತಾರವನ್ನು ಹೊತ್ತೊಯ್ಯಬೇಕು?

ಉತ್ತರ ಅಮೆರಿಕದ ಈಶಾನ್ಯ ಅರಣ್ಯಗಳ ಮಿಕ್ಮಾಕ್, ಪೆನಾಬ್‌ಸ್ಕಾಟ್, ಮ್ಯಾಲಿಸೀಟ್ ಮುಂತಾದ ಜನಾಂಗಗಳಿಗೆ ಇದು ನಿತ್ಯದ ಪ್ರಶ್ನೆಯಾಗಿತ್ತು. ಅವರ ದಾರಿಗಳೆಲ್ಲ ನದಿ ಮತ್ತು ಸರೋವರಗಳು. ಒಂದು ಜಲಮಾರ್ಗ ಮುಗಿದು ಇನ್ನೊಂದು ತೊಡಗುವವರೆಗೆ ಭೂರ್ಜದ ತೊಗಟೆಯ ದೋಣಿಯನ್ನು ಹೆಗಲಿಗೇರಿಸಿ ನಡೆಯಬೇಕು. ದೋಣಿ ಬಂಡೆಗೆ ತಗುಲಿ ಮುರಿದರೆ ಅಲ್ಲಿಯೇ ಮರ ಕಡಿದು ಸರಿಪಡಿಸಬೇಕು. ಹೀಗಾಗಿ ಹತಾರದ ಒಂದೊಂದು ತೊಲ ಭಾರವೂ ಲೆಕ್ಕಕ್ಕೆ ಬರುತ್ತಿತ್ತು.

ಅವರು ನೆಚ್ಚಿಕೊಂಡದ್ದು ಬಾಗಿದ ಚಾಕುವೊಂದನ್ನು. ಕಬ್ಬಿಣ ಬರುವ ಮೊದಲು ಬೀವರ್ ಪ್ರಾಣಿಯ ಬಾಚಿಹಲ್ಲನ್ನು ಹಿಡಿಗೆ ಕಟ್ಟಿ ಮರ ಕೆತ್ತುತ್ತಿದ್ದರು. ಯುರೋಪಿನ ವ್ಯಾಪಾರಿಗಳೊಡನೆ ಉಕ್ಕು ಬಂದ ಮೇಲೆ, ಸವೆದ ಅರವೇ ಅಲಗಾಯಿತು. ಅರವನ್ನು ಬೆಂಕಿಯಲ್ಲಿ ಕಾಸಿ ಮೆದುಮಾಡಿ, ಒಂದೇ ಬದಿಗೆ ಬಾಯಿ ಹಿಡಿಸಿ, ತುದಿಯನ್ನು ಬಾಗಿಸಿ, ಮತ್ತೆ ಹದ ಕೊಡುವರು. ಹಿಡಿಯ ತುದಿ ಓರೆಯಾಗಿ ಮೇಲೆದ್ದಿರುತ್ತದೆ, ಹೆಬ್ಬೆರಳು ಅಲ್ಲಿ ಊರುತ್ತದೆ. ಅಂಗೈ ಮೇಲ್ಮುಖವಾಗಿರುವಂತೆ ಹಿಡಿದು ಚಾಕುವನ್ನು ತನ್ನ ಕಡೆಗೇ ಎಳೆಯಬೇಕು. ಎಡಗೈ ಮರವನ್ನು ಮೊಣಕಾಲಿಗೋ ಎದೆಗೋ ಒತ್ತಿ ಹಿಡಿಯುತ್ತದೆ. ನಮ್ಮ ಈಳಿಗೆಮಣೆಯಲ್ಲಿ ಕಾಲು ಅಲಗನ್ನು ಹಿಡಿದಿಡುತ್ತದೆ, ಇಲ್ಲಿ ಮೈಯೇ ಮರವನ್ನು ಹಿಡಿದಿಡುತ್ತದೆ. ಬಡಗಿಯ ಅಂಗಡಿಯಲ್ಲಿ ಅತಿ ಭಾರದ ವಸ್ತುಗಳಾದ ಕೆಲಸದ ಮೇಜು ಮತ್ತು ಇಕ್ಕಳಗಳನ್ನು ಅವರು ಬಿಟ್ಟುಬಂದದ್ದು ಹೀಗೆ.

ಕೊಡಲಿ, ದಬ್ಬಳ ಮತ್ತು ಈ ಚಾಕು ಇದ್ದರೆ ದೋಣಿಯೇ ಸಿದ್ಧವಾಗುತ್ತಿತ್ತು. ದೇವದಾರಿನಂಥ ಸೀಡರ್ ಮರವನ್ನು ಕೊಡಲಿಯಿಂದ ಸೀಳಿ, ಪಕ್ಕೆಲುಬುಗಳನ್ನೂ ತೆಳು ಹಲಗೆಗಳನ್ನೂ ಚಾಕುವಿನಿಂದ ನಯಗೊಳಿಸಿ, ದಬ್ಬಳದಿಂದ ತೂತು ಮಾಡಿ, ಸ್ಪ್ರೂಸ್ ಬೇರಿನಿಂದ ಹೊಲಿಯುವರು. ಹುಟ್ಟು, ಹಿಮದ ಮೇಲೆ ನಡೆಯುವ ಪಾದುಕೆಯ ಚೌಕಟ್ಟು, ಬುಟ್ಟಿಯ ಸೀಳು ಎಲ್ಲಕ್ಕೂ ಅದೇ ಚಾಕು.

ಬೆನ್ನುಚೀಲ ಹಗುರಾಗಿರಬೇಕೆಂಬ ಇಂದಿನ ಚಾರಣಿಗರ ವ್ರತಕ್ಕೆ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಒಬ್ಬ ಮೂಲಪುರುಷ. 1883ರಲ್ಲಿ ಕೇವಲ ಹತ್ತೂವರೆ ಪೌಂಡ್ ತೂಕದ ದೋಣಿಯಲ್ಲಿ ಆಡಿರಾಂಡಾಕ್ ಪ್ರದೇಶವನ್ನು ಸುತ್ತಿದವನು. ಮರುವರ್ಷ ಬಂದ ಅವನ 'ವುಡ್‌ಕ್ರಾಫ್ಟ್' ಪುಸ್ತಕದಲ್ಲಿ ಎರಡು ಬಾಯಿಯ ಕೈಗೊಡಲಿ, ಒರೆಯ ಚಾಕು, ಜೇಬಿನ ಮಡಿಸುಚಾಕು ಎಂಬ ಮೂರನ್ನು ಹೇಳುತ್ತಾನೆ. ಬರೆದದ್ದು 'ನೆಸ್‌ಮಕ್' ಎಂಬ ಕಾವ್ಯನಾಮದಲ್ಲಿ. ಅದು ಬಾಲ್ಯದಲ್ಲಿ ಅವನನ್ನು ಕಾಡಿಗೆ ಕರೆದೊಯ್ಯುತ್ತಿದ್ದ ಮೂಲನಿವಾಸಿ ಯುವಕನ ಹೆಸರು. ಹೆಸರನ್ನು ಎರವಲು ಪಡೆದವನು ಬಾಗುಚಾಕುವನ್ನು ತನ್ನ ಮೂರರಲ್ಲಿ ಸೇರಿಸಲಿಲ್ಲ. ಇದನ್ನು ದೋಷವೆನ್ನಲಾರೆ. ಅವನ ದೋಣಿಯನ್ನು ಕಟ್ಟಿದವನು ರಷ್ಟನ್ ಎಂಬ ಕುಶಲಕರ್ಮಿ, ಕಾಡಿನಲ್ಲಿ ಕುಳಿತು ಅದನ್ನು ಕೆತ್ತುವ ಅಗತ್ಯ ಸಿಯರ್ಸ್‌ಗೆ ಬೀಳಲಿಲ್ಲ. ಆದರೂ ಹಗುರ ಪಯಣದ ಚರಿತ್ರೆಯನ್ನು ಅವನಿಂದಲೇ ತೊಡಗಿಸುವ ರೂಢಿ ನನಗೆ ಒಪ್ಪಿಗೆಯಾಗದು.

ಎಡ್ವಿನ್ ಟಪ್ಪನ್ ಆಡ್ನಿ ಹಾಗೆ ಮಾಡಲಿಲ್ಲ. 1880ರ ದಶಕದ ಕೊನೆಯಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ಬಂದು, ಮ್ಯಾಲಿಸೀಟ್ ಜನಾಂಗದ ಪೀಟರ್ ಜೋ ಅವರ ಬಳಿ ದೋಣಿ ಕಟ್ಟುವುದನ್ನು ಕಲಿತು, ಜೀವನವಿಡೀ ಅಳತೆ, ಚಿತ್ರ, ಟಿಪ್ಪಣಿಗಳನ್ನು ಕೂಡಿಹಾಕಿದ. ಅವನು ತೀರಿಕೊಂಡದ್ದು 1950ರಲ್ಲಿ. ಹೊವರ್ಡ್ ಚಾಪೆಲ್ ಸಿದ್ಧಗೊಳಿಸಿದ ಗ್ರಂಥ ಸ್ಮಿತ್ಸೋನಿಯನ್ ಸಂಸ್ಥೆಯಿಂದ ಹೊರಬಂದದ್ದು 1964ರಲ್ಲಿ.

ಉಳಿದುಬಂದಿರುವ ಆ ಚಾಕುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅಲಗಲ್ಲ, ಹಿಡಿ. ಕೆಲವದರ ಮೇಲೆ ಹೃದಯದ ಆಕಾರ, ಕೆಲವದರಲ್ಲಿ ಮುಷ್ಟಿ, ಪ್ರಾಣಿಯ ತಲೆ, ಬಳ್ಳಿಯ ಸುರುಳಿ. ಭಾರ ಕಡಿಮೆ ಮಾಡಲು ಅಷ್ಟೆಲ್ಲ ಬಿಟ್ಟುಬಂದವರು ಇದನ್ನು ಬಿಡಲಿಲ್ಲ.